ಮೊದಲು ಬಂದ ಮಂಗಳ

ಮನುಷ್ಯಕುಲವನ್ನು ಎರಡು ಪಕ್ಷವಾಗಿ ಸೀಳಬಲ್ಲ ಪ್ರಶ್ನೆಗಳು ಈ ಲೋಕದಲ್ಲಿ ಹೆಚ್ಚಿಲ್ಲ. ದೇವರಿಗೆ ಆಕಾರ ಉಂಟೋ ಇಲ್ಲವೋ ಎಂಬುದನ್ನು ಬಲ್ಲವರು ಚರ್ಚಿಸಿ ಸುಸ್ತಾಗಿದ್ದಾರೆ. ಅದಕ್ಕಿಂತ ಗಹನವಾದದ್ದು, ಅಜ್ಜಂಪುರದಿಂದ ಕಡೂರಿನವರೆಗೆ ರೈಲು ಹಳಿಯ ಎರಡೂ ಮಗ್ಗುಲಲ್ಲಿ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದದ್ದು ಒಂದಿತ್ತು: ಗ್ರಾಮಾಫೋನ್ ಪ್ಲೇಟನ್ನು ಮನುಷ್ಯ ತನ್ನ ಕೈಯಾರೆ ಒಂದೊಂದಾಗಿ ಇಡಬೇಕೋ, ಇಲ್ಲ ಆರನ್ನು ಪೇರಿಸಿಟ್ಟು ಬೀಳಿಸುವ ಕೆಲಸವನ್ನು ಯಂತ್ರಕ್ಕೇ ಬಿಡಬೇಕೋ?

ಉತ್ತರ ಸಿಗುವ ಮೊದಲೇ ಪ್ರಶ್ನೆ ಕೇಳಿದವನ ತಲೆ ಒಡೆದಿತ್ತು.

“ಕೈಯಿಂದ ಅಂದ್ರೆ ಕೈಯಿಂದ್ಲೇ ಸಾಹೇಬ್ರೇ,” ಎಂದ ಬೀರೂರಿನ ರೇಡಿಯೋ ಅಂಗಡಿಯ ಓಂಕಾರಮೂರ್ತಿ. “ಚೇಂಜರ್ ಅಂತ ಬಾಯಿ ಬಿಟ್ರೆ ಸಾಕು, ಮಲ್ಲಿಕಾರ್ಜುನಪ್ನೋರು ಉರಿದು ಬೀಳೋರು. ಪ್ಲೇಟಿನ ಮೇಲೆ ಪ್ಲೇಟು ಬೀಳೋದು ಎಮ್ಮೆ ಮೇಲೆ ಎಮ್ಮೆ ಬಿದ್ದಂಗೆ ಅನ್ನೋರು.”

ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮಣಪ್ಪ ಅಂಗಡಿಯ ಸ್ಟೂಲಿನ ಮೇಲೆ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಳೆದ ಭಾನುವಾರ ಮುಸ್ಸಂಜೆ ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಎರಡು ಸ್ಪೀಕರ್ ಪೆಟ್ಟಿಗೆಗಳ ಎದುರು ಕುರ್ಚಿಯಲ್ಲಿ ಕೂತಲ್ಲೇ ಹೆಣವಾಗಿ ಸಿಕ್ಕಿದ್ದ. ಕಣ್ಣಿಗೆ ಕೆಂಪು ಅಂಚಿನ ವಲ್ಲಿ ಕಟ್ಟಿತ್ತು. ತಲೆಯ ಹಿಂಭಾಗವನ್ನು ಕಾಯಿ ಸುಲಿಯುವ ಹಾರೆಯಿಂದ ಒಡೆಯಲಾಗಿತ್ತು. ಆ ಹಾರೆಯಲ್ಲಿ ಕಾಯಿ ಸುಲಿಯುತ್ತಿದ್ದ ಆಳು ಲಕ್ಕಣ್ಣ ಈಗ ಲಾಕಪ್ಪಿನಲ್ಲಿದ್ದ. ಬೆಳಗಾದರೆ ಅವನನ್ನು ತರೀಕೆರೆ ಕೋರ್ಟಿಗೆ ಒಪ್ಪಿಸುವುದಿತ್ತು.

ಲಕ್ಕಣ್ಣನ ವಿರುದ್ಧ ಇದ್ದ ದೊಡ್ಡ ಸಾಕ್ಷಿ ಸಂಗೀತ. ಅಂದು ಇಳಿಹೊತ್ತಿನಿಂದ ಮುಸ್ಸಂಜೆಯವರೆಗೂ ಆ ಮನೆಯಲ್ಲಿ ಪ್ಲೇಟು ಹಾಡುತ್ತಿದ್ದುದನ್ನು ಬೀದಿಯೆಲ್ಲ ಕೇಳಿತ್ತು. ಒಂದು ಮುಗಿದ ಮೇಲೆ ಇನ್ನೊಂದು. ಪ್ಲೇಟು ಬದಲಾಗುತ್ತಿತ್ತು ಎಂದರೆ ಬದಲಿಸುವವನು ಬದುಕಿದ್ದ. ಹಾಡು ನಿಂತ ಮೇಲೆ ಆ ಮನೆಯ ಹೊಸಿಲು ದಾಟಿದವನು ಲಕ್ಕಣ್ಣನೊಬ್ಬನೇ. ಹೆಂಡತಿ ಕಲ್ಲಮ್ಮ ಇಳಿಹೊತ್ತಿನ ರೈಲಿಗೇ ಕಡೂರಿನ ಅಕ್ಕನ ಮನೆಗೆ ಹೊರಟುಹೋಗಿದ್ದಳು.

“ಲೆಕ್ಕ ಸರಿಹೋಯ್ತಲ್ಲಪ್ಪ, ಇನ್ನೇನು ಕೆದಕ್ತೀಯ?” ಎಂದಿದ್ದರು ಸರ್ಕಲ್ ಸಾಹೇಬರು. ಆಮೇಲೆ ಎಲೆ ಅಡಿಕೆ ಒಂದು ದವಡೆಗೆ ಸರಿಸಿ, “ನಿಮ್ಮ ಕೇರಿಯವನೇ ಅಂತಲೋ?” ಎಂದಿದ್ದರು.

ಲಕ್ಷ್ಮಣಪ್ಪನ ಊರು ಯಗಟಿ. ಲಕ್ಕಣ್ಣನ ಮುಖವನ್ನು ಅವನು ಮೊದಲು ಕಂಡದ್ದೇ ಕಂಬಿಗಳ ಹಿಂದೆ. ಆದರೆ ಸರ್ಕಲ್ ಸಾಹೇಬರ ಭೂಪಟದಲ್ಲಿ ಎಲ್ಲ ಊರಿನ ಕೇರಿಯೂ ಒಂದೇ ಕೇರಿ.

“ಸೆಟ್ಟು ಆರಿಸೋಕೆ ಎಷ್ಟು ದಿನ ತಗೊಂಡ್ರು?” ಎಂದು ಕೇಳಿದ.

“ದಿನ ಅಲ್ಲ ಸಾಹೇಬ್ರೇ, ಯುಗ. ಹಲಸಿನ ಪೆಟ್ಟಿಗೇಲಿ ಸ್ಪೀಕರ್ ಕೂರ್ಸು ಅಂದ್ರು, ಕೂರಿಸ್ದೆ. ಹೆಗಲ ಮೇಲೆ ಹೊತ್ಕಂಡು ಹೋಗಿ ಇಟ್ಟೆ. ಕೇಳಿಬಿಟ್ಟು, ‘ಹಾಡು ಹಲಸಿನ ತೊಳೆ ಆದಂಗಾಗದೆ, ತೇಗದ್ದು ತಗಂಬಾ’ ಅಂದ್ರು. ವಾಲ್ವಿನ ಆಂಪ್ಲಿಫೈಯರ್ ಕೊಟ್ರೆ ಕೋಣೆ ಕಾಯ್ತದೆ ಅಂದ್ರು. ಟ್ರಾನ್ಸಿಸ್ಟರಿಂದು ಕೊಟ್ರೆ ಹಾಡೋರಿಗೆ ಚಳಿ ಹಿಡಿದಂಗದೆ ಅಂದ್ರು. ಇನ್ನು ಮುಳ್ಳಿನ ವಿಚಾರಕ್ಕೆ ಬಂದ್ರೆ, ಅಯ್ಯಯ್ಯೋ.” ಓಂಕಾರಮೂರ್ತಿ ಕೈ ಮುಗಿದ. “ಸತ್ತೋರು. ಬಿಡಿ.”

“ಅಷ್ಟು ಸೂಕ್ಷ್ಮ ಕಿವಿಯಾ ಅವರದ್ದು?”

ಓಂಕಾರಮೂರ್ತಿ ಬಾಗಿಲ ಕಡೆ ನೋಡಿದ. ಸತ್ತವರ ಗುಟ್ಟು ಹೇಳುವಾಗ ಜನ ಬಾಗಿಲ ಕಡೆ ಯಾಕೆ ನೋಡುತ್ತಾರೋ, ಸತ್ತವರು ಬಾಗಿಲಿನಿಂದ ಬರುವವರಲ್ಲ.

“ಅವರಿಗೆ ಸಣ್ಣ ಸದ್ದು ಕೇಳ್ತಾನೇ ಇರ್ಲಿಲ್ಲ. ಕಿವಿ ಅಮ್ಮಾವ್ರದ್ದು. ಕಲ್ಲಮ್ನೋರನ್ನ ಕುರ್ಚೀಲಿ ಕೂರಿಸಿ ಕಣ್ಣಿಗೆ ವಲ್ಲಿ ಕಟ್ಟೋರು. ನಾನು ಹಿಂದೆ ನಿಂತ್ಕಂಡು ತಂತಿ ಬದಲಾಯಿಸ್ಬೇಕು. ‘ಮೊದಲ್ನೇದು ಚೆನ್ನಾಗದೋ, ಎರಡನೇದೋ ಹೇಳೇ’ ಅನ್ನೋರು. ಆಕೆ ಹೇಳಿದ್ದು ಒಂದು ದಿನಾನೂ ತಪ್ಪಿಲ್ಲ ಸಾಹೇಬ್ರೇ. ಹೇಳಿದ ಮೇಲೆ ‘ನಿನಗೇನೇ ಗೊತ್ತು ಕತ್ತೆ’ ಅಂತ ಬೈಯೋರು. ಬೈದು ಆಕೆ ಹೇಳಿದ್ದನ್ನೇ ಇಟ್ಕಳೋರು.”

“ಆಕೆ ಏನೂ ಅಂತಿರ್ಲಿಲ್ವಾ?”

“ಕಣ್ಣು ಕಟ್ಟಿರೋರು ಏನಂತಾರೆ? ಒಂದ್ಸಲ ಮುಳ್ಳು ಎತ್ತಿಟ್ಟು, ಪ್ಲೇಟೇ ಹಾಕ್ದೆ, ‘ಈಗ ಹೇಗದೆ’ ಅಂತ ಕೇಳಿದ್ರು. ಆಕೆ ತಲೆ ವಾರೆ ಮಾಡ್ಕಂಡು ಕಾಯ್ತಾ ಕೂತ್ರು. ಕಿಟಕಿ ತೆಗೆಸಿ ಕೊಬ್ಬರಿ ಶೆಡ್ಡಿನ ಆಳುಗಳನ್ನೆಲ್ಲ ಕರೆದು ತೋರ್ಸಿದ್ರು. ನಗಾಡಿದ್ದೇ ನಗಾಡಿದ್ದು.”

“ನೀವು?”

ಓಂಕಾರಮೂರ್ತಿ ಗಾಜಿನ ಪೆಟ್ಟಿಗೆಯ ಮೇಲೆ ಇಲ್ಲದ ಧೂಳು ಒರೆಸಿದ. “ಗಿರಾಕಿ ನಕ್ರೆ ನಗ್ಬೇಕಲ್ಲ ಸಾಹೇಬ್ರೇ.”

ಲಕ್ಷ್ಮಣಪ್ಪ ಪಂಚನಾಮೆಯನ್ನು ನೆನೆದ. ಹೆಣದ ಕಣ್ಣಿಗೆ ಕಟ್ಟಿದ್ದ ಕೆಂಪು ಅಂಚಿನ ವಲ್ಲಿಯನ್ನು ದಫೇದಾರ್ ಮಂಜಪ್ಪ ‘ಕಳ್ಳನು ಕಟ್ಟಿದ್ದು’ ಎಂದು ಬರೆದಿದ್ದ. ಜಗಲಿಯಾಚೆ ಕಾಲಿಡುವಂತಿಲ್ಲದ ಆಳು ಧಣಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಧಣಿ ಸುಮ್ಮನೆ ಕಟ್ಟಿಸಿಕೊಂಡು, ಆಮೇಲೆ ಏಟು ತಿಂದನೇ?

“ಕೊನೆಗೆ ಯಾವ ಯಂತ್ರ ತಗೊಂಡ್ರು?”

“ಒಂಟಿ ಪ್ಲೇಟಿಂದೇ. ಮುಂಬಯಿಂದ ಬರಬೇಕು. ಅದು ಬರೋವರೆಗೆ ಕಾಯಕ್ಕಾಗಲ್ಲ ಅಂದ್ರು, ಅದಕ್ಕೆ ನಾನು ಇಂಥದ್ದೇ ಇನ್ನೊಂದನ್ನ ಕೈಬದಲಿಗೆ ಕೊಟ್ಟಿದ್ದೆ.” ಅವನು ಮೂಲೆಯ ಯಂತ್ರದ ಮುಚ್ಚಳ ಎತ್ತಿದ. “ಇದು ಎರಡೂ ಆಗುತ್ತೆ. ನಡುವೆ ಈ ಗಿಡ್ಡ ಕಂಬಿ ಹಾಕಿದ್ರೆ ಒಂಟಿ ಪ್ಲೇಟು. ಇದನ್ನ ಕಿತ್ತು ಉದ್ದ ಕಂಬಿ ಹಾಕಿದ್ರೆ ಚೇಂಜರ್.”

ಉದ್ದ ಕಂಬಿ ಗೇಣುದ್ದದ ಉಕ್ಕಿನದು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಡುವೆ, ಬೆನ್ನಲ್ಲಿ ಗೂನಿರುವ ಮುದುಕನ ಹಾಗೆ ಒಂದು ಸಣ್ಣ ಬಾಗು.

“ಹಾಕಿ ತೋರ್ಸಿ.”

ಓಂಕಾರಮೂರ್ತಿ ಆರು ಪ್ಲೇಟು ಪೇರಿಸಿ ಕಂಬಿಗೆ ಪೋಣಿಸಿದ. ಅವು ಗೂನಿನ ಮೇಲೆ ಕೂತವು. ಗುಂಡಿ ಒತ್ತಿದ. ಟಪ್ ಎಂದು ಒಂದು ಪ್ಲೇಟು ತಿರುಗುವ ತಟ್ಟೆಗೆ ಬಿತ್ತು. ಮುಳ್ಳಿನ ತೋಳು ತಾನೇ ಎದ್ದು ಬಂದು ಅದರ ಮೇಲೆ ಕೂತು ಹಾಡತೊಡಗಿತು.

“ಹೀಗೇ ಆರೂ ಮುಗಿಯೋವರೆಗೆ, ಎರಡು ಗಂಟೆ ಹೊತ್ತು. ಮುಗಿದ ಮೇಲೆ ತಾನೇ ಆಫ್ ಆಗುತ್ತೆ. ಯಾರೂ ಮುಟ್ಟಂಗಿಲ್ಲ.”

“ಯಾರೂ ಮುಟ್ಟಂಗಿಲ್ಲ,” ಎಂದ ಲಕ್ಷ್ಮಣಪ್ಪ. ಸ್ಟೂಲಿನಿಂದ ಅವನು ಎದ್ದಾಗಿತ್ತು. “ಮೊದಲು ಬಿದ್ದದ್ದು ಯಾವುದು? ನೀವು ಮೇಲಿಟ್ಟಿದ್ದಾ, ಕೆಳಗಿಟ್ಟಿದ್ದಾ?”

“ಕೆಳಗಿಂದೇ ಮೊದ್ಲು. ಮೇಲಿಂದು ಕಡೇಗೆ. ಹೊಸಬ್ರು ಎಲ್ಲಾ ಅಲ್ಲೇ ತಪ್ಪೋದು.”

ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ಪ್ಯಾಸೆಂಜರಿನಲ್ಲಿ ಲಕ್ಷ್ಮಣಪ್ಪನಿಗೆ ಕೂರಲು ಜಾಗ ಸಿಕ್ಕಿತು, ಕೂರಲಾಗಲಿಲ್ಲ. ಬಾಗಿಲಲ್ಲಿ ನಿಂತು, ಮಲ್ಲಿಕಾರ್ಜುನಪ್ಪನ ಪಕ್ಕದ ಮನೆಯ ಗುರುಶಾಂತಮ್ಮನ ಮಾತನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದ. ಗುರುಶಾಂತಮ್ಮ, ಪೊಲೀಸರು ಕೇಳಿದ್ದು ಬಿಟ್ಟು ಉಳಿದದ್ದನ್ನೆಲ್ಲ ಹೇಳುವ ಹೆಂಗಸು.

ಮಲ್ಲಿಕಾರ್ಜುನಪ್ಪನ ಭಾನುವಾರದ ಕಛೇರಿಗೆ ಒಂದು ಕ್ರಮವಿತ್ತು. ಮೊದಲು ಶಿವಸ್ತುತಿಯ ಪ್ಲೇಟು. ಆಮೇಲೆ ವಚನ, ನಾಟಕದ ಹಾಡು, ಶಹನಾಯಿ ಇತ್ಯಾದಿ. ಕೊನೆಗೆ ಮಂಗಳ. ಆ ಮಂಗಳ ಕೇಳಿದರೆ ಬೀದಿಯ ಹೆಂಗಸರು ದೀಪ ಹಚ್ಚಿ, ಒಲೆಗೆ ಎಸರಿಡುತ್ತಿದ್ದರು.

“ಅವತ್ತು ಮಂಗಳ ಮೊದ್ಲೇ ಬಂದ್ಬಿಡ್ತು ಕಣ್ರೀ,” ಎಂದಿದ್ದಳು ಗುರುಶಾಂತಮ್ಮ. “ಅಯ್ಯೋ ಸಂಜೆ ಆಗೋಯ್ತಾ ಅಂತ ದೀಪದ ಬತ್ತಿ ಹೊಸೆಯಕ್ಕೆ ಎದ್ದೆ, ನೋಡಿದ್ರೆ ಹೊರಗೆ ಸುಡೋ ಬಿಸ್ಲು. ಕಲ್ಲಮ್ಮ ಆಗ್ತಾನೇ ಚೀಲ ಹಿಡ್ಕಂಡು ಹೊರಗೆ ಬಂದ್ಲು. ಬಾಗಿಲಲ್ಲಿ ನಿಂತು ‘ಹೋಗ್ಬತ್ತೀನ್ರೀ’ ಅಂದ್ಲು. ಒಳಗಿಂದ ಹೂಂ ಇಲ್ಲ, ಉಹೂಂ ಇಲ್ಲ. ಅವರ್ಯಾವತ್ತು ಉತ್ತರ ಕೊಟ್ಟಿದ್ರು, ಬಿಡಿ. ಆದ್ರೆ ಮಂಗಳ ಹಾಡಿದ್ ಮೇಲೆ ಮತ್ತೆ ಹಾಡು ಹಾಕ್ತಾರಾ ಯಾರಾದ್ರೂ? ಕಡೇಗೆ ಸ್ತುತಿ ಬಂತು. ಎಲ್ಲಾ ತಲೆಕೆಳ್ಗು. ಅಂಥ ಮನೆ ಉಳೀತದಾ?”

ದಫೇದಾರ್ ಮಂಜಪ್ಪ ಇದನ್ನು ಬರೆದುಕೊಂಡಿರಲಿಲ್ಲ. “ಅಪಶಕುನಕ್ಕೆ ಕಾಲಂ ಇಲ್ಲ ಸಾರ್,” ಎಂದಿದ್ದ.

ಸಂತೆಮಾಳದ ಹೊರಠಾಣೆಯ ಬೇವಿನ ಕಟ್ಟೆಯ ಮೇಲೆ ಹುಲಿಯಮ್ಮ ಕೂತಿದ್ದಳು. ಲಕ್ಕಣ್ಣನ ತಾಯಿ. ಮಗನನ್ನು ಒಳಗೆ ಹಾಕಿದಂದಿನಿಂದ ಅದೇ ಜಾಗ. ಪೇದೆಗಳು ಮೊದಲು ಗದರಿಸುತ್ತಿದ್ದರು. ಈಗ ಅವಳ ಪಕ್ಕದಲ್ಲೇ ಸೈಕಲ್ ಒರಗಿಸುತ್ತಿದ್ದರು.

ಲಕ್ಷ್ಮಣಪ್ಪ ಮೊದಲು ಒಳಗೆ ಹೋದ. ಲಕ್ಕಣ್ಣ ಗೋಡೆಗೆ ಒರಗಿ ಕಾಲು ಚಾಚಿದ್ದ. ಮಡಿಸಲಾಗದ ಹಾಗೆ ಪಾದಗಳು ಊದಿದ್ದವು. ಅದು ಯಾರ ಕೈಕೆಲಸ ಎಂದು ಕೇಳುವ ಅಗತ್ಯವಿರಲಿಲ್ಲ. ಮಂಜಪ್ಪ ಬಾಗಿಲಲ್ಲಿ ಬೆರಳು ನೆಟಿಕೆ ತೆಗೆಯುತ್ತ ನಿಂತಿದ್ದ.

“ಸಾರ್,” ಎಂದ ಲಕ್ಕಣ್ಣ, “ಶೆಡ್ಡಿನ ಬೀಗದ ಕೈ ಕೊಡಕ್ಕೆ ಹೋದೆ. ಕಿಟಕೀಲಿ ನೋಡಿದ್ರೆ ಧಣೇರ ತಲೆ ಬಗ್ಗೋಗಿತ್ತು. ಹುಟ್ಟಿದಾಗಿಂದ ಆ ಹೊಸಿಲು ದಾಟಿರ್ಲಿಲ್ಲ. ಅವತ್ತು ದಾಟ್ಬಿಟ್ಟೆ. ದಾಟಿದ್ದೇ ತಪ್ಪಾಯ್ತಾ?”

ಪ್ರಶ್ನೆ ಸರಿಯಾದದ್ದೇ. ಲಕ್ಷ್ಮಣಪ್ಪ ಟೋಪಿ ತಲೆಗಿಟ್ಟುಕೊಂಡು ಹೊರಟ.

ಹೊರಗೆ ಬಂದಾಗ ಹುಲಿಯಮ್ಮ ಅವನ ಬೂಟಿಗೆ ಕೈ ಹಾಕಿದಳು. “ಏನಾರ ಆಯ್ತದಾ ಸಾಮಿ? ನಾಳೀಕೆ ತರೀಕೆರೆಗೆ ಹಾಕ್ತಾರಂತೆ. ಅಲ್ಲಿಗೋದ್ರೆ ನೇಣಂತೆ.”

“ಕೈ ತೆಗಿಯವ್ವ. ಏನಾದ್ರೂ ತಿಂದ್ಯಾ?”

“ಕಲ್ಲಮ್ನೋರು ದೇವ್ರಂಥೋರು. ಗಂಡ ಸತ್ತು ಮೂರ್ ದಿನ ಆಗಿಲ್ಲ, ಖುದ್ದು ನಮ್ ಗುಡಿಸ್ಲಿಗೆ ಬಂದು ರಾಗಿ ಕೊಟ್ಟೋದ್ರು. ‘ನಿನ್ ಮಗ ತಪ್ ಮಾಡಿದ್ರೆ ನೀನೇನ್ ಮಾಡ್ತೀಯ ಹುಲಿಯವ್ವ’ ಅಂದ್ರು. ಬೀಸಕ್ಕೇ ಕೈ ಬರ್ಲಿಲ್ಲ ನಂಗೆ.”

ಆಸೆ ಹುಟ್ಟಿಸುವುದು ಠಾಣೆಯ ಕೆಲಸವಲ್ಲ. ಅದಕ್ಕೂ ಕಾಲಂ ಇಲ್ಲ. ಆದರೂ ಲಕ್ಷ್ಮಣಪ್ಪ ಬಗ್ಗಿದ. ಬೆರಳಗಲಿಸಿ ಗೇಣು ತೋರಿಸಿದ.

“ಅವ್ವ, ಇಷ್ಟುದ್ದದ ಉಕ್ಕಿನ ಕಂಬಿ. ಬೆಳ್ಳಿ ಥರ ಹೊಳೆಯುತ್ತೆ, ನಡುವೆ ಸಣ್ಣ ಗೂನು. ಅದನ್ನ ಹುಡುಕ್ತಿದೀನಿ. ಅದು ಸಿಕ್ರೆ ನಿನ್ನ ಮಗ ಹೊರಗೆ ಬರ್ತಾನೆ.”

“ಕಂಬಿ ಸಿಕ್ರೆ ಬಿಡ್ತಾರಾ?”

“ಬಿಡ್ಲೇಬೇಕು.”

ಮುದುಕಿ ಅವನ ಬೆರಳುಗಳ ನಡುವಿನ ಗಾಳಿಯನ್ನು ಸಾಲಿಗ್ರಾಮ ನೋಡಿದ ಹಾಗೆ ನೋಡಿದಳು.

ಮಲ್ಲಿಕಾರ್ಜುನಪ್ಪನ ಮನೆಯ ಜಗಲಿಯ ಗೂಡಿನಲ್ಲಿ ಒಂದು ಹಿತ್ತಾಳೆ ಲೋಟ ಬೋರಲಾಗಿತ್ತು. ಆಳುಗಳ ಲೋಟ. ಲಕ್ಷ್ಮಣಪ್ಪ ಅದನ್ನು ನೋಡಿ ಜಗಲಿಯಲ್ಲೇ ನಿಂತ.

“ಒಳಗೇ ಬನ್ನಿ ಸಾಹೇಬ್ರೇ,” ಎಂದಳು ಕಲ್ಲಮ್ಮ. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ದನಿಯಲ್ಲಿ ಎಲ್ಲಿಯೂ ಬಿರುಕಿಲ್ಲ. “ಬೇಡ ಅನ್ನೋರು ಈಗ ಯಾರೂ ಇಲ್ಲ.”

ಅವನು ಒಳಗೆ ಹೋದ. ಅವಳು ಗೂಡಿನಿಂದ ಆ ಹಿತ್ತಾಳೆ ಲೋಟವನ್ನು ತೆಗೆದುಕೊಂಡು ಅಡಿಗೆಮನೆಗೆ ಹೋಗಿ, ಅದರಲ್ಲೇ ಕಾಫಿ ತಂದಿಟ್ಟಳು. ಒಳಗೆ ಕರೆದದ್ದೂ ಅವಳೇ, ಆ ಲೋಟ ಕೊಟ್ಟದ್ದೂ ಅವಳೇ. ಎರಡರಲ್ಲಿ ಯಾವುದು ಮರೆವು, ಯಾವುದು ಮನಸ್ಸು ಎಂದು ಲಕ್ಷ್ಮಣಪ್ಪನಿಗೆ ತಿಳಿಯಲಿಲ್ಲ.

ಕೋಣೆ ಹಾಗೇ ಇತ್ತು. ಎರಡು ಮೂಲೆಯಲ್ಲಿ ತೇಗದ ಸ್ಪೀಕರ್ ಪೆಟ್ಟಿಗೆಗಳು. ಎದುರಿಗೆ ಕುರ್ಚಿ, ಅದರ ಕಾಲುಗಳ ಸುತ್ತ ಸುಣ್ಣದ ಗುರುತು. ಎರಡೂ ಕಡೆಯ ಸದ್ದು ಸಮವಾಗಿ ಸೇರುವುದು ಅಲ್ಲೊಂದೇ ಕಡೆಯಂತೆ. ಇಡೀ ಮನೆಯಲ್ಲಿ ಹಾಡು ಚೆನ್ನಾಗಿ ಕೇಳಿಸುವ ಜಾಗ ಒಬ್ಬನಿಗೇ.

ಯಂತ್ರದ ನಡುವೆ ಗಿಡ್ಡ ಕಂಬಿ. ಪಕ್ಕದಲ್ಲಿ ಯಂತ್ರ ಬಂದ ರಟ್ಟಿನ ಪೆಟ್ಟಿಗೆ. ಒಳಗಿನ ಥರ್ಮಾಕೋಲಿನಲ್ಲಿ ಎರಡು ಗುಳಿ, ಗಿಡ್ಡದಕ್ಕೊಂದು, ಉದ್ದದ್ದಕ್ಕೊಂದು. ಗಿಡ್ಡದ್ದು ಯಂತ್ರದ ಮೇಲಿದೆ ಎಂದ ಮೇಲೆ ಉದ್ದದ್ದು ಗುಳಿಯಲ್ಲಿರಬೇಕು. ಎರಡೂ ಗುಳಿ ಖಾಲಿಯಿದ್ದವು.

“ಅಮ್ಮಾವ್ರೇ, ಒಂದು ಉಪಕಾರ. ಭಾನುವಾರದ ಪ್ಲೇಟುಗಳನ್ನ ಕ್ರಮವಾಗಿ ಜೋಡಿಸಿ ಕೊಡ್ತೀರಾ?”

ಕಲ್ಲಮ್ಮ ಕಪಾಟಿನಿಂದ ಆರನ್ನು ತೆಗೆದಳು. ಹೆಸರು ಓದಬೇಕಿರಲಿಲ್ಲ. ಮಂಗಳವನ್ನು ಅಡಿಗಿಟ್ಟು, ಒಂದರ ಮೇಲೊಂದು ಪೇರಿಸಿ, ಸ್ತುತಿಯನ್ನು ಎಲ್ಲಕ್ಕಿಂತ ಮೇಲಿಟ್ಟಳು. ಯಾರಾದರೂ ಹಾಗೆಯೇ ಪೇರಿಸುತ್ತಾರೆ. ಮೊದಲು ಬೇಕಾದದ್ದು ಕೈಗೆ ಮೊದಲು ಸಿಗಬೇಕಲ್ಲ.

“ಇದನ್ನ ಹೀಗೇ ಉದ್ದ ಕಂಬಿಗೆ ಪೋಣಿಸಿದ್ರೆ ಮಂಗಳ ಮೊದಲು ಬೀಳುತ್ತೆ,” ಎಂದ ಲಕ್ಷ್ಮಣಪ್ಪ. “ಸ್ತುತಿ ಕಡೇಗೆ. ಭಾನುವಾರ ಬೀದಿ ಕೇಳಿಸಿಕೊಂಡಿದ್ದೂ ಹಾಗೇ. ನಿಮ್ಮ ಯಜಮಾನ್ರು ಕೈಯಲ್ಲಿ ಹಾಕಿದ್ರೆ ಕ್ರಮ ತಪ್ಪುತ್ತಿರ್ಲಿಲ್ಲ. ಓಂಕಾರಮೂರ್ತಿ ಪೋಣಿಸಿದ್ರೆ ಕೆಳಗಿಂದು ಮೊದಲು ಬೀಳುತ್ತೆ ಅಂತ ಅವರಿಗೆ ಗೊತ್ತು. ಲಕ್ಕಣ್ಣನಿಗೆ ಕ್ರಮವೂ ಗೊತ್ತಿಲ್ಲ, ಯಂತ್ರವೂ ಗೊತ್ತಿಲ್ಲ. ಕ್ರಮ ಗೊತ್ತಿದ್ದು ಯಂತ್ರ ಗೊತ್ತಿಲ್ಲದವರು ಈ ತಪ್ಪು ಮಾಡಿದಾರೆ. ಹಾಡು ಹಚ್ಚಿ, ಕೆಲಸ ಮುಗಿಸಿ, ಬಾಗಿಲಲ್ಲಿ ನಿಂತು ‘ಹೋಗ್ಬತ್ತೀನ್ರೀ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿ, ರೈಲು ಹತ್ತಿದಾರೆ.”

ಅವಳು ಹೆದರಬಹುದು, ಅಳಬಹುದು, ಬೀದಿಯವರನ್ನು ಕೂಗಬಹುದು. ಲಕ್ಷ್ಮಣಪ್ಪ ಮೂರಕ್ಕೂ ಸಿದ್ಧನಾಗಿ ಬಂದಿದ್ದ.

ಕಲ್ಲಮ್ಮ ನಕ್ಕಳು.

“ತಪ್ಪು ಅಂತ ಯಾಕಂತೀರ ಸಾಹೇಬ್ರೇ?”

“ಮತ್ತೆ?”

“ಆ ಕಂಬೀನ ಓಂಕಾರಮೂರ್ತಿ ತಂದ ದಿನ ಇವರು ನನ್ನ ಮಡ್ಲಿಗೆ ಎಸೆದ್ರು. ‘ಇದು ಸೋಮಾರಿ ಕತ್ತೆಗಳಿಗೆ, ನೀನಿಟ್ಕೋ’ ಅಂದ್ರು. ಇವರು ಮಂಡಿಗೆ ಹೋದಾಗೆಲ್ಲ ಹಾಕ್ಕೊಂಡು ಕೇಳ್ತಿದ್ದೆ. ಒಲೆ ಮುಂದೆ ಕೂತ್ರೂ ಆರು ಪ್ಲೇಟು ತಾನಾಗೇ ಬೀಳುತ್ತೆ. ಯಾವ್ದು ಮೊದ್ಲು ಬೀಳುತ್ತೆ, ಯಾವ್ದು ಕಡೇಗೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಲಕ್ಷ್ಮಣಪ್ಪ ಕಾಫಿ ಲೋಟ ಕೆಳಗಿಟ್ಟ.

“ಭಾನುವಾರ ಊಟ ಆದ್ಮೇಲೆ ಹೇಳ್ದೆ, ‘ರೀ, ಯಾವಾಗ್ಲೂ ನನ್ನನ್ನೇ ಪರೀಕ್ಷೆ ಮಾಡ್ತೀರ. ಇವತ್ತು ನೀವು ಕೂತ್ಕಳಿ, ನಾನು ಮುಳ್ಳು ಬದಲಾಯಿಸ್ತೀನಿ, ಹಳೇದೋ ಹೊಸದೋ ಹೇಳಿ’ ಅಂತ. ಅವರಿಗೆ ಆಗಲ್ಲ ಅಂತ ಅವರಿಗೂ ಗೊತ್ತು. ಆದ್ರೆ ಆಗಲ್ಲ ಅನ್ನೋಕೆ ಬಾಯಿ ಬರಬೇಕಲ್ಲ? ಕೂತ್ರು. ನಾನೇ ವಲ್ಲಿ ಕಟ್ಟಿದೆ. ಬಿಗಿ ಆಯ್ತಾ ಅಂತ ಕೇಳ್ದೆ. ನನ್ನನ್ನ ಅವರು ಯಾವತ್ತೂ ಕೇಳಿರ್ಲಿಲ್ಲ.”

“ಹಾರೆ?”

“ಶೆಡ್ಡಿಗೆ ನಮ್ಮ ಹಿತ್ತಿಲಿಂದಾನೂ ಬಾಗ್ಲಿದೆ.” ಅವಳು ಪ್ಲೇಟುಗಳ ಅಂಚನ್ನು ಸಮ ಮಾಡಿದಳು. “ಮಂಗಳ ಮೊದ್ಲೇ ಬರ್ಲಿ ಅಂತ್ಲೇ ಅಡಿಗಿಟ್ಟಿದ್ದು. ಅವರಿಗೆ ಕೇಳಿಸ್ಬೇಕಾಗಿದ್ದು ಅದೊಂದೇ. ಮಿಕ್ಕಿದ್ದು ಬೀದಿಯೋರಿಗೆ. ಮೊದಲ್ನೇ ಸಾಲಿಗೇ ಗೊತ್ತಾಯ್ತು ಅವರಿಗೆ. ‘ಏನೇ ಕತ್ತೆ, ಮಂಗಳ ಮೊದ್ಲು ಹಾಕಿದೀಯ’ ಅಂದ್ರು. ಅಷ್ಟು ದಿನದಲ್ಲಿ ಅದೊಂದೇ ಸರಿಯಾಗಿ ಹೇಳಿದ್ದು.”

ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. 

“ಲಕ್ಕಣ್ಣ ಏನು ಮಾಡಿದ್ದಮ್ಮ ನಿಮಗೆ?”

“ನಕ್ಕಿದ್ದ.”

“ಕಿಟಕೀಲಿ ನಿಂತ್ಕೊಂಡಾ?”

“ಎಲ್ರಿಗಿಂತ ಜೋರಾಗಿ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿತ್ತು, ಕಿವಿಗಲ್ಲ. ಯಾವ ನಗು ಯಾರ್ದು ಅಂತ ನನಗೆ ಗೊತ್ತಾಗಲ್ವಾ?”

“ಧಣಿ ನಕ್ಕಾಗ ಆಳು ನಗಲೇಬೇಕಮ್ಮ. ಅವನಿಗೆ ಬೇರೆ ದಾರಿ ಇರ್ಲಿಲ್ಲ.”

“ಗೊತ್ತು ಸಾಹೇಬ್ರೇ. ಧಣಿ ನಕ್ಕಾಗ ಆಳು ನಗಬೇಕು. ಧಣಿ ಸತ್ತಾಗ ಆಳೂ ಸಾಯಬೇಕು. ಪದ್ಧತಿ.”

ಲಕ್ಷ್ಮಣಪ್ಪ ಎದ್ದು ನಿಂತ. ಅವನ ದನಿ ಅವನಿಗೇ ಅಧಿಕಾರಿಯ ದನಿಯಂತೆ ಕೇಳಲಿಲ್ಲ. “ಇದನ್ನೆಲ್ಲ ನೀವು ತರೀಕೆರೆಯಲ್ಲಿ ಹೇಳಬೇಕಾಗುತ್ತೆ.”

“ಯಾರು ಹೇಳಿದ್ದು ಅಂತ ಹೇಳ್ತೀರ? ಇಲ್ಲಿ ನೀವು, ನಾನು. ಕಲ್ಲಮ್ಮ ಒಪ್ಪಿಕೊಂಡ್ಲು ಅಂತ ನೀವು ಹೇಳಿದ್ರೆ ನಿಮ್ಮ ಸರ್ಕಲ್ ಸಾಹೇಬ್ರು ಏನಂತಾರೆ? ನಿಮ್ಮವನನ್ನ ಉಳಿಸ್ಕಳಕ್ಕೆ ಗಂಡ ಸತ್ತೋಳ ಮೇಲೆ ಹಾಕಿದ್ರು ಅಂತಾರೆ. ಇಡೀ ಪೇಟೆ ಹೂಂ ಅನ್ನುತ್ತೆ. ಆ ಗುರುಶಾಂತಮ್ಮಾನೂ ಅಂತಾಳೆ.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಲಕ್ಷ್ಮಣಪ್ಪನಿಗೆ ಅದೇ ಉರಿಯಿತು.

“ಮಾತು ಬೇಡ. ಕಂಬಿ ಸಾಕು. ಹಾಡು ಯಂತ್ರ ಹಾಡಿದ್ದು, ಮನುಷ್ಯ ಅಲ್ಲ ಅಂತ ಆ ಕಂಬಿ ಹೇಳುತ್ತೆ. ನಮ್ಮೋರು ಯಂತ್ರದ ಕಡೆ ನೋಡ್ಲೇ ಇಲ್ಲ, ಕಡೂರಿಂದ ವಾಪಸ್ ಬಂದ ರಾತ್ರಿ ನೀವು ಅದನ್ನ ಕಿತ್ತು ಗಿಡ್ಡದ್ದು ಹಾಕಿದ್ರಿ. ಹೌದಾ?”

“ಹೌದು.”

“ಕಿತ್ತಿದ್ದನ್ನ ಪೆಟ್ಟಿಗೆಯ ಗುಳೀಲೇ ಇಟ್ಟಿದ್ರೆ ಯಾರೂ ಕೇಳ್ತಿರ್ಲಿಲ್ಲ. ನಾನೂ ಬರ್ತಿರ್ಲಿಲ್ಲ. ಯಾಕೆ ಇಡ್ಲಿಲ್ಲ?”

ಕಲ್ಲಮ್ಮ ಪ್ಲೇಟುಗಳಿಂದ ಕೈ ತೆಗೆದಳು. ತಲೆಯನ್ನು ಒಂದು ಕಡೆ ವಾಲಿಸಿ, ದೂರದ ಯಾವುದೋ ಸಣ್ಣ ಸದ್ದು ಕೇಳುವವಳ ಹಾಗೆ ಕೂತಳು. ಕುರ್ಚಿಯಲ್ಲಿ ಕಣ್ಣು ಕಟ್ಟಿಸಿಕೊಂಡು ಹೀಗೇ ಕೂರುತ್ತಿದ್ದಳೇನೋ.

“ಅದು ಸಿಕ್ರೆ ಲಕ್ಕಣ್ಣನ್ನ ಬಿಡ್ತೀರಾ?” ಎಂದಳು ಕೊನೆಗೆ.

“ಬಿಡ್ಲೇಬೇಕು.”

“ಹಂಗಾದ್ರೆ ಹುಡುಕಿ. ಸಿಗುತ್ತೆ.” ಹಿತ್ತಾಳೆ ಲೋಟವನ್ನು ಅವನ ಕಡೆ ಸರಿಸಿದಳು. “ಕಾಫಿ ಆರುತ್ತೆ, ಕುಡೀರಿ.”

ಅವನು ಕುಡಿಯಲಿಲ್ಲ. ಹಿತ್ತಿಲು, ಶೆಡ್ಡು, ಒಣಗಿದ ಮಟ್ಟೆಯ ರಾಶಿ, ಬಾವಿಯ ಕಟ್ಟೆ, ದೇವರ ಕೋಣೆಯ ಹೊರಗಿನ ಗೂಡು, ಒಂದೂ ಬಿಡದೆ ಹುಡುಕಿದ. ಕಲ್ಲಮ್ಮ ಎಲ್ಲ ಬೀಗದ ಕೈಗಳನ್ನೂ ಕೇಳುವ ಮೊದಲೇ ಕೊಟ್ಟಳು. ಅವಳು ಅಷ್ಟು ಉದಾರಿಯಾದಷ್ಟೂ ಅವನ ಕೈ ನಿಧಾನವಾಯಿತು. ಕೊಬ್ಬರಿಯ ಅಟ್ಟದ ಮೇಲೆ ಮೊಣಕಾಲೂರಿ ಕೂತಿದ್ದಾಗ, ಎಲ್ಲೋ ಕೇಳಿದ ಮಾತೊಂದು ತಾನಾಗಿ ಬಂದು ಬಿತ್ತು. ಟಪ್ ಎಂದು, ಕೆಳಗಿನದೇ ಮೊದಲು.

ಖುದ್ದು ಗುಡಿಸಲಿಗೆ ಬಂದು ರಾಗಿ ಕೊಟ್ಟೋದ್ರು.

ಅಟ್ಟದಿಂದ ಅವನು ಇಳಿದದ್ದಲ್ಲ, ಹಾರಿದ್ದು. ಜಗಲಿಯಲ್ಲಿ ಕಲ್ಲಮ್ಮ ಹಿತ್ತಾಳೆ ಲೋಟವನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. “ಸಿಕ್ತಾ ಸಾಹೇಬ್ರೇ?” ಎಂದಳು.

ಪೇಟೆಯ ಬೀದಿಯಲ್ಲಿ ಪೊಲೀಸ್ ಅಧಿಕಾರಿ ಓಡುವುದನ್ನು ಅಜ್ಜಂಪುರ ನೋಡಿದ್ದು ಕಡಿಮೆ. ಟೀ ಅಂಗಡಿಯವನು ಕೆಟಲ್ ಹಿಡಿದೇ ಎದ್ದು ನಿಂತ. ಹುಲಿಯಮ್ಮ ಇನ್ನೂ ಕಟ್ಟೆಯ ಮೇಲೇ ಇರಲಿ, ಮಗನನ್ನು ಬಿಟ್ಟು ಅವಳು ಎಲ್ಲಿಗೆ ಹೋಗುತ್ತಾಳೆ, ಇಷ್ಟು ದಿನ ಹೋಗಿಲ್ಲ ಎಂದುಕೊಳ್ಳುತ್ತ ಲಕ್ಷ್ಮಣಪ್ಪ ಸಂತೆಮಾಳ ದಾಟಿದ.

ಬೇವಿನ ಕಟ್ಟೆ ಖಾಲಿಯಿತ್ತು.

ಹುಲಿಯಮ್ಮ ಠಾಣೆಯ ಒಳಗಿದ್ದಳು. ಮಂಜಪ್ಪನ ಮೇಜಿನ ಪಕ್ಕ ಅವಳಿಗೆ ಕೂರಲು ಬೆಂಚು ಕೊಟ್ಟಿದ್ದರು. ಮಾರುಕಟ್ಟೆಯಿಂದ ಕರೆತಂದ ಇಬ್ಬರು ಪಂಚರು ಟೀ ಕುಡಿಯುತ್ತಿದ್ದರು. ಅವಳ ಕೈಯಲ್ಲೂ ಒಂದು ಲೋಟ ಟೀ ಇತ್ತು. ಅವನನ್ನು ಕಂಡು ಎದ್ದು ನಿಂತಳು. ಅವಳ ಬಾಯಲ್ಲಿ ಎಷ್ಟು ಹಲ್ಲು ಇಲ್ಲವೆಂದು ಅವನಿಗೆ ತಿಳಿದದ್ದು ಆಗಲೇ. ಅವಳು ನಗುತ್ತಿದ್ದಳು.

“ಸಿಕ್ತು ಸಾಮಿ! ನೀವ್ ಹೇಳಿದ್ ಕಂಬಿ ಸಿಕ್ತು! ನೀವಂದಿದ್ದೇ ತಡ ಕೇರಿಯೆಲ್ಲ ಹುಡುಕ್ದೆ, ತಿಪ್ಪೆ ಕೆದಕ್ದೆ. ಕಡೇಗ್ ನೋಡುದ್ರೆ ನಮ್ ಸೂರ್ನಾಗೇ ಇತ್ತು, ರಾಗಿ ಮಡಕೆ ಮ್ಯಾಗೆ ಸಿಕ್ಸಿತ್ತು. ಬೆಳ್ಳಿ ಥರ ಹೊಳೀತದೆ, ಗೂನೂ ಅದೆ. ಓಡ್ಬಂದು ದಫೇದಾರ್ ಸಾಮೇರಿಗೆ ಕೊಟ್ಟೆ. ಈಗ ನಮ್ ಲಕ್ಕಣ್ಣನ್ನ ಬಿಡ್ತಾರಲ್ವಾ?”

ಒಳಗಿನಿಂದ ಲಕ್ಕಣ್ಣ, “ಅವ್ವಾ, ಏನ್ ಸಿಕ್ತವ್ವಾ?” ಎಂದು ಕೂಗಿದ.

ಲಕ್ಷ್ಮಣಪ್ಪ ಮೇಜಿನ ಕಡೆ ನೋಡಿದ. ಮಂಜಪ್ಪ ಶಾಯಿ ಒಣಗಲೆಂದು ಕಾಗದವನ್ನು ಊದುತ್ತಿದ್ದ.

ಕಂಬಿಯನ್ನು ಆರೋಪಿಯ ಗುಡಿಸಲಿನಲ್ಲಿ ದೊರೆತ ಕಳವಿನ ಮಾಲೆಂದು ಪಂಚರ ಮುಂದೆ ದಾಖಲು ಮಾಡಲಾಗಿತ್ತು. ಕೆಳಗಿನ ಹೆಬ್ಬೆಟ್ಟು ಹುಲಿಯಮ್ಮನದು.